ಸುಜಾತಾ ಕಿವಿಯಲ್ಲಿ ನನ್ನ ದನಿ

2022ರಲ್ಲಿ ನಾನು ಜೆ.ಪಿ. ನಗರದಲ್ಲಿ ಒಂದು ಕಂಪ್ಯೂಟರ್ ಸರ್ವೀಸ್ ಕಂಪನಿ ನಡೆಸುತ್ತಿದ್ದೆ. ಕಂಪನಿ ಎಂದರೆ ದೊಡ್ಡದೇನಲ್ಲ. ನಾನು, ಪ್ರಕಾಶ, ಎರಡು ಮೇಜು, ಒಂದು ಸರ್ವರ್. ಪ್ರಕಾಶ ಡಿಪ್ಲೊಮಾ ಮುಗಿಸಿ ನನ್ನ ಹತ್ತಿರ ಕೆಲಸ ಕಲಿಯಲು ಬಂದವನು. ಹನ್ನೊಂದು ವರ್ಷ ಕಳೆದ ಮೇಲೆ ಅವನನ್ನು ಪಾಲುದಾರನನ್ನಾಗಿ ಮಾಡಿಕೊಂಡೆ. ನನ್ನ ಪಾಸ್‌ವರ್ಡುಗಳೆಲ್ಲ ಅವನಿಗೆ ಗೊತ್ತಿದ್ದವು, ಕೊಟೇಶನ್‌ಗಳಿಗೆ ಹಾಕಲೆಂದು ನನ್ನ ಸಹಿಯ ಸ್ಕ್ಯಾನ್ ಅವನ ಕಂಪ್ಯೂಟರಿನಲ್ಲೇ ಇತ್ತು. ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದ. ನನಗೂ ಅವನು ತಮ್ಮನೇ ಆಗಿದ್ದ, ಅದನ್ನು ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನಮ್ಮ ಮುಖ್ಯ ಗಿರಾಕಿ ಜಯನಗರದ ಒಂದು ಡಯಾಗ್ನೋಸ್ಟಿಕ್ ಸೆಂಟರ್. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಅಲ್ಲಿ ಆಗುತ್ತಿತ್ತು. ನಾಲ್ಕು ಬ್ರಾಂಚ್, ಇಪ್ಪತ್ತಮೂರು ಕಂಪ್ಯೂಟರ್. ಅಷ್ಟೂ ಬ್ರಾಂಚುಗಳ ಅಪಾಯಿಂಟ್‌ಮೆಂಟ್ ಕರೆಗಳನ್ನು ತೆಗೆದುಕೊಳ್ಳುತ್ತಿದ್ದವರು ಒಬ್ಬರೇ, ಸುಜಾತಾ. ಬೇಗೂರಿನವರು, ಆಗ ಮೂವತ್ತೆಂಟು ವಯಸ್ಸಿರಬೇಕು. ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಎಡಗಿವಿಗೆ ಫೋನಿನ ಹೆಡ್‌ಸೆಟ್, ಬಲಗಿವಿಗೆ ಸ್ಕ್ರೀನ್ ರೀಡರಿನ ಇಯರ್‌ಫೋನ್. ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ಪ್ರೋಗ್ರಾಂ. ಎರಡು ಕಿವಿಯಲ್ಲಿ ಎರಡು ಮಾತು ಕೇಳಿಸಿಕೊಳ್ಳುತ್ತ, ಮೂರನೆಯದನ್ನು ಬಾಯಲ್ಲಿ ಹೇಳುತ್ತ, ಬೆರಳಲ್ಲಿ ಟೈಪ್ ಮಾಡುತ್ತ ಒಂಬತ್ತು ವರ್ಷ ಆಕೆ ಕೆಲಸ ಮಾಡಿದ್ದರು. ಕಣ್ಣಿರುವ ನಾವು ಒಂದು ಫೋನಿನಲ್ಲಿ ಮಾತಾಡುತ್ತ ಒಲೆ ಮೇಲೆ ಹಾಲು ಉಕ್ಕಿಸುವವರು.

ಆಕೆಯ ಕಂಪ್ಯೂಟರಿಗೆ ಮಾನಿಟರ್ ಇರಲಿಲ್ಲ. ಒಂದು ದಿನ ರಿಸೆಪ್ಷನ್ನಿನ ಮಾನಿಟರ್ ಕೆಟ್ಟಾಗ ಇವರದನ್ನು ಬಿಚ್ಚಿಕೊಂಡು ಹೋದವರು ವಾಪಸ್ ಕೊಡಲೇ ಇಲ್ಲ. ಅವರಿಗ್ಯಾಕೆ ಮಾನಿಟರ್ ಎಂಬುದು ಎಲ್ಲರ ಅಭಿಪ್ರಾಯ, ಸುಜಾತಾ ಕೂಡ ಬೇಡವೆಂದರು. ಮಾನಿಟರ್ ಇಲ್ಲದಿದ್ದರೆ ಕಂಪ್ಯೂಟರ್ ತಕರಾರು ಮಾಡುತ್ತದೆಂದು ಹಿಂದುಗಡೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಡಮ್ಮಿ ಪ್ಲಗ್ ಚುಚ್ಚಿದ್ದೆ. ಅದಿದ್ದರೆ ಮಾನಿಟರ್ ಇದೆ ಎಂದೇ ಕಂಪ್ಯೂಟರ್ ತಿಳಿದುಕೊಳ್ಳುತ್ತದೆ.

ಆ ವರ್ಷ ಸೆಂಟರಿನವರ ಕಂಪ್ಯೂಟರುಗಳನ್ನೆಲ್ಲ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ಮಿಗೆ ಬದಲಾಯಿಸಿದೆವು. ಎರಡೇ ವಾರದಲ್ಲಿ ತಲೆನೋವು ಶುರುವಾಯಿತು. ಒಂದೇ ಬೆಳಿಗ್ಗೆ, ಒಂದೇ ಹೊತ್ತಿನ ಎಂ.ಆರ್.ಐ.ಗೆ ಇಬ್ಬರು ಖಾಲಿ ಹೊಟ್ಟೆಯಲ್ಲಿ ಬಂದು ಕೂತಿದ್ದರು. ಇಬ್ಬರಿಗೂ ಸಮಯ ಕೊಟ್ಟಿದ್ದು ಸುಜಾತಾ. ಹೋಗಿ ನೋಡಿದರೆ ಆಕೆಯ ಕಂಪ್ಯೂಟರಿನಲ್ಲಿ ಬುಕಿಂಗ್ ಪ್ರೋಗ್ರಾಂ ಹನ್ನೆರಡು ಬಾರಿ ತೆರೆದುಕೊಂಡಿತ್ತು.

ಕಾರಣ ಆಕೆಯ ಒಂದು ಅಭ್ಯಾಸ. ಪ್ರತಿ ಕರೆ ಬಂದಾಗಲೂ ಮೊದಲು ಎಫ್9 ಕೀ ಒತ್ತುತ್ತಿದ್ದರು. ಬೇರೆ ಯಾವುದಾದರೂ ವಿಂಡೋದಲ್ಲಿದ್ದರೆ ಬುಕಿಂಗ್ ಎದುರಿಗೆ ಬರಲಿ ಎಂದು. ಕಣ್ಣಿದ್ದವರು ಒಂದು ಸಲ ನೋಡಿ ತಿಳಿಯುವುದನ್ನು ಆಕೆ ಒಂದು ಕೀ ಒತ್ತಿ ಖಚಿತ ಮಾಡಿಕೊಳ್ಳುತ್ತಿದ್ದರು. ಹಳೆಯ ಸಿಸ್ಟಮ್ಮಿನಲ್ಲಿ ಅದು ಸರಿಯಾಗಿ ನಡೆಯುತ್ತಿತ್ತು. ಲಿನಕ್ಸ್‌ನಲ್ಲಿ ಅದೇ ಕೀ ಒತ್ತಿದಷ್ಟು ಸಲವೂ ಹೊಸದೊಂದು ಬುಕಿಂಗ್ ತೆರೆಯುತ್ತಿತ್ತು. ಹತ್ತು ಗಂಟೆಗೆ ತೆರೆದ ವಿಂಡೋಗೆ ಹನ್ನೊಂದು ಗಂಟೆಯ ವಿಂಡೋದಲ್ಲಿ ತುಂಬಿದ್ದು ಗೊತ್ತಿಲ್ಲ, ಹಾಗಾಗಿ ಒಂದೇ ಜಾಗ ಇಬ್ಬರಿಗೆ ಹೋಗಿತ್ತು.

ಒಂದು ಪ್ರೋಗ್ರಾಂ ಒಂದು ಹೊತ್ತಿಗೆ ಒಂದೇ ಪ್ರತಿಯಾಗಿ ಓಡಬೇಕು, ಎರಡನೇ ಸಲ ಕರೆದರೆ ಹೊಸದಾಗಿ ಹುಟ್ಟದೆ ಇರುವುದೇ ಎದ್ದು ಬರಬೇಕು. ಇದನ್ನು ನಮ್ಮ ಕಸುಬಿನಲ್ಲಿ ಸಿಂಗಲ್ ಇನ್‌ಸ್ಟನ್ಸ್ ಎನ್ನುತ್ತೇವೆ. ಬುಕಿಂಗ್ ಪ್ರೋಗ್ರಾಂ ಬರೆದ ಕಂಪನಿ ಅಷ್ಟರಲ್ಲಿ ಬಾಗಿಲು ಹಾಕಿತ್ತು, ಒಳಗೆ ಕೈ ಹಾಕುವಂತಿರಲಿಲ್ಲ. ಹೊರಗಿನಿಂದಲೇ ನಾನೊಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಬುಕಿಂಗ್ ಓಡುತ್ತಿದೆಯೇ? ಇಲ್ಲದಿದ್ದರೆ ಶುರು ಮಾಡು. ಓಡುತ್ತಿದ್ದರೆ ಅದರ ವಿಂಡೋ ಹುಡುಕಿ ಮುಂದೆ ತಂದು ಫೋಕಸ್ ಕೊಡು. ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ಯಾವ ವಿಂಡೋಗೆ ಹೋಗಿ ಬೀಳುತ್ತದೋ ಅದಕ್ಕೆ ಫೋಕಸ್ ಇದೆ ಎಂದರ್ಥ.

ಸುಜಾತಾ ಇನ್ನೊಂದು ಕೇಳಿಕೊಂಡರು. ವಿಂಡೋ ಬದಲಾದಾಗ ಸ್ಕ್ರೀನ್ ರೀಡರ್ ಉದ್ದಕ್ಕೆ ಏನೇನೋ ಓದುತ್ತದೆ, ಅಷ್ಟು ಹೊತ್ತಿಗೆ ಫೋನಿನಲ್ಲಿರುವವರು ಹೆಸರು ಹೇಳಿ ಮುಗಿಸಿರುತ್ತಾರೆ, ಒಂದೇ ಮಾತಿನಲ್ಲಿ ಗೊತ್ತಾಗುವಂತೆ ಮಾಡಿ ಎಂದು. ಕರೆಯ ಸಮಯದಲ್ಲಿ ಸ್ಕ್ರೀನ್ ರೀಡರ್ ಸುಮ್ಮನಿರುವ ಹಾಗೆ ಮಾಡಿದೆ. ಅದರ ಬದಲು ಒಂದು ಚಿಕ್ಕ ವಾಕ್ಯ. ಯಂತ್ರದ ಕನ್ನಡ ಫೋನಿನ ಗದ್ದಲದಲ್ಲಿ ಸ್ಪಷ್ಟವಾಗುತ್ತಿರಲಿಲ್ಲ, ಆದ್ದರಿಂದ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ: "ಬುಕಿಂಗ್ ಮುಂದಿದೆ." ಎಫ್9 ಒತ್ತಿದರೆ ನನ್ನ ದನಿ ಆಕೆಯ ಬಲಗಿವಿಯಲ್ಲಿ ಅಷ್ಟು ಹೇಳುತ್ತಿತ್ತು. ಜೊತೆಗೆ ಲಾಗ್ ಫೈಲಿನಲ್ಲಿ, ಅಂದರೆ ಕಂಪ್ಯೂಟರ್ ತನ್ನ ಕೆಲಸ ಬರೆದಿಡುವ ಕಡತದಲ್ಲಿ, ಸಮಯ ನಮೂದಿಸಿ ಒಂದು ಸಾಲು ಬೀಳುತ್ತಿತ್ತು: "ಬುಕಿಂಗ್ ವಿಂಡೋ ಮುಂದೆ ತರಲಾಗಿದೆ." ದಿನಕ್ಕೆ ನೂರಿಪ್ಪತ್ತು ಸಲ ನಿಮ್ಮ ಮಾತು ಕೇಳ್ತೀನಿ ಮೇಡಂ ಎಂದು ಸುಜಾತಾ ರೇಗಿಸುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆಯಿತ್ತು.

ಒಂದೂವರೆ ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. 2023ರ ಕೊನೆಯಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಲಿನಕ್ಸ್‌ನ ಹೊಸ ಆವೃತ್ತಿ ಹಾಕುವ ಸಮಯ ಬಂತು. ಹೊಸದರಲ್ಲಿ ಪರದೆಯನ್ನು ನಡೆಸುವ ವ್ಯವಸ್ಥೆಯೇ ಬೇರೆ. ಹಳೆಯದರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಇನ್ನೊಂದರ ವಿಂಡೋವನ್ನು ಎಳೆದು ಮುಂದೆ ತರಬಹುದಿತ್ತು. ಹೊಸದು ಅದಕ್ಕೆ ಸುಲಭಕ್ಕೆ ಬಿಡುವುದಿಲ್ಲ. ನೀವು ಪಾಸ್‌ವರ್ಡ್ ಟೈಪ್ ಮಾಡುತ್ತಿರುವಾಗ ಇನ್ಯಾವುದೋ ವಿಂಡೋ ಮಧ್ಯೆ ಬಂದು ಅದನ್ನು ನುಂಗಬಾರದಲ್ಲ, ಅದಕ್ಕಾಗಿ. ಮುಂದೆ ಬರಬೇಕೆನ್ನುವ ವಿಂಡೋ, ಬ್ಯಾಂಕಿನ ಕೌಂಟರಿನಲ್ಲಿ ತೋರಿಸುವ ಹಾಗೆ, ಒಂದು ಟೋಕನ್ ತೋರಿಸಬೇಕು. ಟೋಕನ್ ಇಲ್ಲದಿದ್ದರೆ ಅದು ಹಿಂದೆಯೇ ಉಳಿಯುತ್ತದೆ, ಪರದೆಯ ಮೇಲುಗಡೆ "ಸಿದ್ಧವಿದೆ" ಎಂಬ ಒಂದು ಸೂಚನೆ ಮಾತ್ರ ಬಂದು ಹೋಗುತ್ತದೆ. ನನ್ನ ಸ್ಕ್ರಿಪ್ಟ್ ಹಳೆಯ ಕಾಲದ್ದು, ಟೋಕನ್ ಎಂದರೆ ಅದಕ್ಕೆ ಗೊತ್ತಿಲ್ಲ.

ಇದು ನನಗೆ ತಿಳಿದಿತ್ತು. ಅದೇ ಸಮಯಕ್ಕೆ ಮಗಳ ಬಾಣಂತನಕ್ಕೆಂದು ನಾನು ತುಮಕೂರಿಗೆ ಹೊರಟಿದ್ದೆ. ಹೋಗುವ ಮುಂಚೆ ಪ್ರಕಾಶನನ್ನು ಕೂರಿಸಿಕೊಂಡು ಹೇಳಿದೆ, ಇಪ್ಪತ್ತೆರಡು ಕಂಪ್ಯೂಟರ್ ಮಾಡು, ಸುಜಾತಾ ಅವರದನ್ನು ನಾನು ಬರುವವರೆಗೆ ಮುಟ್ಟಬೇಡ ಎಂದು. ನಮ್ಮ ಕೆಲಸದ ಪಟ್ಟಿಯಲ್ಲಿ ಆ ಸಾಲಿಗೆ ಕೆಂಪು ಬಣ್ಣ ಹಾಕಿ ಬರೆದೂ ಇಟ್ಟೆ. ಆಯ್ತಕ್ಕ, ನೀವು ಮೊಮ್ಮಗು ನೋಡ್ಕೊಳ್ಳಿ ಎಂದ.

ಐದು ವಾರ ಬಿಟ್ಟು ವಾಪಸ್ ಬಂದೆ. ಬಂದ ಮರುದಿನ ಬೇರೇನೋ ಕೆಲಸಕ್ಕೆ ಸೆಂಟರಿನ ನಿರ್ದೇಶಕಿ ಡಾ. ವಸುಧಾ ಅವರಿಗೆ ಫೋನ್ ಮಾಡಿದೆ. ಮಾತು ಮುಗಿಯುವಾಗ ಅವರು, ಸುಜಾತಾ ವಿಷಯದಲ್ಲಿ ನೀವು ಕಳಿಸಿದ ರಿಪೋರ್ಟಿನಿಂದ ತುಂಬಾ ಅನುಕೂಲವಾಯಿತು ಎಂದರು.

ಯಾವ ರಿಪೋರ್ಟ್ ಎಂದು ಕೇಳಿದೆ.

"ನಿಮ್ಮದೇ ಸೈನ್ ಇತ್ತಲ್ಲ. ನೀವು ಸೈನ್ ಮಾಡಿದ್ದೀರಿ ಅಂತಲೇ ನಾನು ಇನ್ನೊಂದು ಮಾತು ಕೇಳಲಿಲ್ಲ."

ಆ ರಿಪೋರ್ಟನ್ನೂ ಅದಕ್ಕೆ ಕಾರಣವಾದ ದೂರನ್ನೂ ತರಿಸಿಕೊಂಡು ಓದಿದೆ. ನಡೆದದ್ದು ಇಷ್ಟು. ಎರಡು ವಾರದ ಹಿಂದೆ, ಒಂದು ಮಂಗಳವಾರ, ಸುಜಾತಾ ಸೆಂಟರಿನ ಚಾಟ್ ವಿಂಡೋದಲ್ಲಿ ಬನಶಂಕರಿ ಬ್ರಾಂಚಿಗೆ ಏನೋ ಉತ್ತರ ಬರೆಯುತ್ತಿದ್ದರು. ಎಲ್ಲ ಬ್ರಾಂಚುಗಳ ನೌಕರರೂ ಓದುವ ಚಾಟ್ ಅದು. ಆಗ ತಲಘಟ್ಟಪುರದಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಎದೆಯ ಗಂಟಿಗೆ ಬಯಾಪ್ಸಿ ಮಾಡಿಸಬೇಕಿತ್ತು, ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ. ಸುಜಾತಾ ಎಫ್9 ಒತ್ತಿ ಹೆಸರು, ವಯಸ್ಸು, ಫೋನ್ ನಂಬರ್, ಪರೀಕ್ಷೆ ಎಂದು ಒಂದೊಂದನ್ನೂ ಟೈಪ್ ಮಾಡಿ ಎಂಟರ್ ಒತ್ತಿದರು. ಬುಕಿಂಗ್‌ನಲ್ಲಾದರೆ ಎಂಟರ್ ಒತ್ತಿದಾಗ ಮುಂದಿನ ಖಾನೆಗೆ ಹೋಗುತ್ತದೆ. ಚಾಟ್‌ನಲ್ಲಿ ಬರೆದದ್ದು ಹೊರಟು ಹೋಗುತ್ತದೆ. ನಾಲ್ಕು ಸಾಲು, ನಾಲ್ಕು ಮೆಸೇಜಾಗಿ ನಾಲ್ಕು ಬ್ರಾಂಚಿಗೂ ಹೋಯಿತು. ಬನಶಂಕರಿ ಬ್ರಾಂಚಿನಲ್ಲಿ ಆ ಹೆಂಗಸಿನ ನಾದಿನಿ ಕೆಲಸ ಮಾಡುತ್ತಿದ್ದಳು. ಫೋನ್ ಮಾಡಿದವರು ಅವತ್ತು ಮನೆಗೆ ತಲುಪುವುದರೊಳಗೆ ಅತ್ತೆ ಮಾವ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಫೋನಿನಲ್ಲಿ ಮಾತಾಡಿದ ಹೆಣ್ಣುಮಗಳನ್ನು ನಂಬಿ ಹೇಳಿದ್ದೆ ಎಂದು ಆಕೆ ದೂರಿನಲ್ಲಿ ಬರೆದಿದ್ದರು.

ಪ್ರಕಾಶನ ರಿಪೋರ್ಟ್ ಒಂದೇ ಪುಟ. ಸಿಸ್ಟಮ್ ಸರಿಯಾಗಿ ಕೆಲಸ ಮಾಡಿದೆ, ಆಪರೇಟರ್ ಗಮನ ಕೊಡದೆ ತಪ್ಪು ವಿಂಡೋದಲ್ಲಿ ಟೈಪ್ ಮಾಡಿದ್ದಾರೆ. ಸಾಕ್ಷಿಗೆ ಲಾಗ್‌ನ ಸಾಲು: "11:21:07 ಬುಕಿಂಗ್ ವಿಂಡೋ ಮುಂದೆ ತರಲಾಗಿದೆ." ಕೆಳಗೆ ನನ್ನ ಸಹಿ. ನಾನು ಬರೆದ ವಾಕ್ಯ, ನನ್ನ ಹೆಸರು, ನಾನು ಆ ಊರಲ್ಲೇ ಇರಲಿಲ್ಲ. ಸುಜಾತಾರನ್ನು ಕೆಲಸಕ್ಕೆ ಬರಬೇಡಿ ಎಂದು ಮನೆಗೆ ಕಳಿಸಲಾಗಿತ್ತು, ಬರುವ ಶುಕ್ರವಾರ ಪೂರ್ತಿ ತೆಗೆದುಹಾಕುವ ಪತ್ರ ಹೊರಡುವುದಿತ್ತು. ಮೊದಲು ಪ್ರಕಾಶನ ಹತ್ತಿರ ಹೋಗಲಿಲ್ಲ. ಬೇಗೂರಿಗೆ ಹೋದೆ.

ಸುಜಾತಾ ತಾಯಿಯ ಮನೆಯ ಮೊದಲನೇ ಮಹಡಿಯಲ್ಲಿದ್ದರು. ಅವರ ತಾಯಿ ಬಾಗಿಲು ತೆಗೆದು, ಯಾರೆಂದು ತಿಳಿದ ಮೇಲೆ ಒಳಗೆ ಬನ್ನಿ ಎನ್ನಲಿಲ್ಲ. ಒಳಗಿನಿಂದ ಸುಜಾತಾ ನನ್ನ ದನಿ ಕೇಳಿ, ಬರ್ಲಿ ಬಿಡಮ್ಮ ಎಂದರು. ಆಕೆ ಸಾವಧಾನವಾಗಿ ಎಲ್ಲವನ್ನೂ ಹೇಳಿದರು. ಭಾನುವಾರ ಪ್ರಕಾಶ ದೂರದಿಂದಲೇ ಅವರ ಕಂಪ್ಯೂಟರಿಗೂ ಹೊಸ ಆವೃತ್ತಿ ಹಾಕಿದ್ದ. ಸೋಮವಾರ ಒಂದು ಕರೆಯ ವಿವರ ಬುಕಿಂಗ್‌ನಲ್ಲಿ ಇರಲೇ ಇಲ್ಲ. ಕೀ ಒಂದೊಂದು ಸಲ ಕೆಲಸ ಮಾಡುತ್ತಿಲ್ಲ ಎಂದು ಆಕೆ ಅವತ್ತೇ ಪ್ರಕಾಶನಿಗೆ ಫೋನ್ ಮಾಡಿ ಹೇಳಿದ್ದರು. ನೋಡ್ತೀನಿ ಎಂದಿದ್ದ. ಮಂಗಳವಾರ ಹೀಗಾಯಿತು.

ಟೈಪ್ ಮಾಡುವಾಗ ಅನುಮಾನ ಬರಲಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತು.

"ಕಿವೀಲಿ ನೀವು ಹೇಳಿದ್ರಿ ಮೇಡಂ, ಬುಕಿಂಗ್ ಮುಂದಿದೆ ಅಂತ. ನಾನು ಟೈಪ್ ಮಾಡ್ದೆ."

ಅದರಲ್ಲಿ ದೂರಿನ ದನಿ ಕೂಡ ಇರಲಿಲ್ಲ. ನಾನು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಸೆಂಟರಿಗೆ ಹೋಗಿ, ಆಕೆಯ ಕಂಪ್ಯೂಟರಿನ ಡಮ್ಮಿ ಪ್ಲಗ್ ಕಿತ್ತು ಒಂದು ಮಾನಿಟರ್ ಜೋಡಿಸಿದೆ. ಚಾಟ್ ತೆರೆದು ಎಫ್9 ಒತ್ತಿದೆ. ಇಯರ್‌ಫೋನಿನಲ್ಲಿ ನನ್ನ ದನಿ ಬುಕಿಂಗ್ ಮುಂದಿದೆ ಎಂದಿತು. ಪರದೆಯ ಮೇಲೆ ಚಾಟ್ ಇದ್ದಲ್ಲೇ ಇತ್ತು. ಮೇಲುಗಡೆ "ಸಿದ್ಧವಿದೆ" ಎಂಬ ಸೂಚನೆ ಬಂದು ನಾಲ್ಕು ಸೆಕೆಂಡಿನಲ್ಲಿ ಮಾಯವಾಯಿತು. ಆ ಮಂಗಳವಾರ ಪಕ್ಕದವರು ಯಾರಾದರೂ ಅದನ್ನು ನೋಡಲು ಅಲ್ಲಿ ಮಾನಿಟರೂ ಇರಲಿಲ್ಲ, ಓದಿ ಹೇಳಬೇಕಿದ್ದ ಸ್ಕ್ರೀನ್ ರೀಡರಿನ ಬಾಯಿ ಮುಚ್ಚಿಸಿದ್ದವಳು ನಾನೇ. ಬುಕಿಂಗ್ ಮೊದಲೇ ಎದುರಿಗಿದ್ದಾಗ ಮಾತ್ರ ಆ ಮಾತು ನಿಜವಾಗುತ್ತಿತ್ತು. ಚಾಟ್‌ನಿಂದ ಇಪ್ಪತ್ತು ಸಲ ಪ್ರಯತ್ನಿಸಿದೆ, ಇಪ್ಪತ್ತು ಸಲವೂ ನನ್ನ ದನಿ ಸುಳ್ಳು ಹೇಳಿತು.

ಅಲ್ಲಿಂದ ನೇರ ಜೆ.ಪಿ. ನಗರದ ಆಫೀಸಿಗೆ ಹೋದೆ. ಪ್ರಕಾಶ ಕೂತಿದ್ದ. ರಿಪೋರ್ಟನ್ನು ಮೇಜಿನ ಮೇಲಿಟ್ಟೆ. ಅವನು ನಿರಾಕರಿಸಲಿಲ್ಲ. ಒಂದು ಕಂಪ್ಯೂಟರ್ ಬಿಟ್ಟರೆ ಕೆಲಸ ಪೂರ್ತಿ ಆಗಿಲ್ಲವೆಂದು ಸೆಂಟರಿನವರು ತಕರಾರು ತೆಗೆಯುತ್ತಾರೆಂದು ಅದಕ್ಕೂ ಹಾಕಿಬಿಟ್ಟೆ ಎಂದ. ಮಂಗಳವಾರವೇ ಅವನಿಗೆ ಕಾರಣ ಹೊಳೆದಿತ್ತು. ನಮ್ಮ ಕಾಂಟ್ರಾಕ್ಟ್ ಆ ತಿಂಗಳು ನವೀಕರಣಕ್ಕೆ ಬಂದಿತ್ತು.

"ಅಪ್‌ಗ್ರೇಡ್ ತಪ್ಪು ಅಂತ ಬರೆದಿದ್ರೆ ಅವತ್ತೇ ನಮ್ಮನ್ನ ಹೊರಗೆ ಹಾಕ್ತಿದ್ರು ಅಕ್ಕ. ಸುಜಾತಾ ತಪ್ಪು ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ."

"ಯಾಕೆ ಕೇಳಲ್ಲ?"

"ಅವ್ರಿಗೆ ಕಾಣಲ್ವಲ್ಲ."

ಹದಿನಾಲ್ಕು ವರ್ಷ ಎದುರುಬದುರು ಕೂತು ಊಟದ ಡಬ್ಬಿ ಹಂಚಿಕೊಂಡವನು ಈ ಮಾತನ್ನು ಲೆಕ್ಕಾಚಾರ ಒಪ್ಪಿಸುವ ಹಾಗೆ ಹೇಳಿದ. ನನಗೆ ಅಳು ಬಂತು, ಅತ್ತುಬಿಟ್ಟೆ. ನನ್ನ ಸಹಿ ಯಾಕೆ ಹಾಕಿದೆ ಎಂದು ಕೇಳಿದ್ದಕ್ಕೆ ಡಾಕ್ಟರು ನಿಮ್ಮನ್ನು ನಂಬುತ್ತಾರೆ ಎಂದ. ಆಮೇಲೆ ನಾನು ಎದ್ದು ಬಾಗಿಲ ಹತ್ತಿರ ಹೋದಾಗ ಇನ್ನೊಂದು ಮಾತು ಸೇರಿಸಿದ.

"ಒಂದು ವಿಷಯ ಹೇಳ್ಲಾ? ಲಾಗ್‌ನಲ್ಲಿರೋ ಆ ಲೈನ್ ನಾನು ಬರೆದಿದ್ದಲ್ಲ. ನೀವೇ ಬರೆದಿದ್ದು."

ನಿಜ. ವಿಂಡೋವನ್ನು ಮುಂದೆ ತಾ ಎಂದು ಸಿಸ್ಟಮ್ಮಿಗೆ ಕೇಳಿಕೊಂಡ ಮರುಕ್ಷಣವೇ ನನ್ನ ಸ್ಕ್ರಿಪ್ಟ್ "ತರಲಾಗಿದೆ" ಎಂದು ಬರೆಯುತ್ತಿತ್ತು, "ಮುಂದಿದೆ" ಎಂದು ಹೇಳುತ್ತಿತ್ತು. ಬಂತೋ ಇಲ್ಲವೋ ಎಂದು ತಿರುಗಿ ನೋಡುತ್ತಿರಲಿಲ್ಲ. ಒಂದೂವರೆ ವರ್ಷ ಪ್ರತಿ ಸಲವೂ ಬಂದಿತ್ತು, ಅದಕ್ಕೆ ಆ ವಾಕ್ಯ ನಿಜವಾಗಿತ್ತು ಅಷ್ಟೇ. ಪ್ರಕಾಶ ಮೋಸ ಮಾಡಿದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೋಸಕ್ಕೆ ಬೇಕಾದ ಸಾಮಗ್ರಿಯನ್ನು ನಾನೇ ಒದಗಿಸಿದ್ದೆ. ಅವನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ನನ್ನ ಮೇಲೆ ಬಂದದ್ದೂ ಇಳಿದಿಲ್ಲ.

ಅವತ್ತು ಸಂಜೆ ಮೂರು ಪುಟದ ಪತ್ರ ಬರೆದೆ. ಮೊದಲ ರಿಪೋರ್ಟಿನ ಸಹಿ ನಾನು ಹಾಕಿದ್ದಲ್ಲ. ಅಪ್‌ಗ್ರೇಡ್ ನನ್ನ ಸೂಚನೆಗೆ ವಿರುದ್ಧವಾಗಿ ನನ್ನ ಕಂಪನಿಯಿಂದಲೇ ಆಯಿತು. ಸೋಮವಾರವೇ ಆಪರೇಟರ್ ಎಚ್ಚರಿಸಿದ್ದರು. ಲಾಗ್‌ನ ಸಾಲು ಮತ್ತು ಧ್ವನಿ ಎರಡೂ ಪರೀಕ್ಷಿಸದೆ ಹೇಳುವಂಥವು, ಅವನ್ನು ಬರೆದವಳು ನಾನು. ಗುರುವಾರ ಡಾ. ವಸುಧಾ ಅವರ ಮುಂದೆ ಪತ್ರ ಇಟ್ಟೆ. ಸುಜಾತಾರನ್ನೂ ಕರೆಸಲು ಕೇಳಿಕೊಂಡಿದ್ದೆ. ಮಾನಿಟರ್ ಜೋಡಿಸಿ, ಇಯರ್‌ಫೋನನ್ನು ಡಾಕ್ಟರ ಕಿವಿಗೆ ಕೊಟ್ಟು, ನೀವೇ ಎಫ್9 ಒತ್ತಿ ಎಂದೆ. ಅವರು ಒತ್ತಿದರು. ಪರದೆ ನೋಡಿದರು. ಮತ್ತೆ ಒತ್ತಿದರು.

ಇಯರ್‌ಫೋನ್ ತೆಗೆದು, ಸೋಮವಾರದಿಂದ ಕೆಲಸಕ್ಕೆ ಬನ್ನಿ ಎಂದು ಸುಜಾತಾಗೆ ಹೇಳಿದರು. ಕ್ಷಮಿಸಿ ಎಂದೂ ಹೇಳಿದರು.

"ಆ ತಲಘಟ್ಟಪುರದವ್ರಿಗೆ ಯಾರು ಹೇಳ್ತೀರಾ ಮೇಡಂ?" ಎಂದು ಸುಜಾತಾ ಕೇಳಿದರು. "ನಾನು ಬೇಕಂತ ಮಾಡಿಲ್ಲ ಅಂತ ಅವ್ರಿಗೆ ಗೊತ್ತಾಗ್ಬೇಕು."

ಡಾಕ್ಟರು ಅಲ್ಲೇ ಫೋನ್ ಮಾಡಿದರು. ಆ ಹೆಂಗಸು ಎಲ್ಲ ಕೇಳಿಸಿಕೊಂಡು, ಯಾರ ತಪ್ಪಾದರೇನು, ನನ್ನ ಮನೆಯಲ್ಲಿ ನಾನೇ ಹೇಳಬೇಕಿದ್ದ ಮಾತನ್ನು ಬೇರೆಯವರು ಹೇಳಿಯಾಯಿತು ಎಂದರಂತೆ. ಪರೀಕ್ಷೆಯನ್ನು ಬೇರೆ ಕಡೆ ಮಾಡಿಸಿಕೊಂಡಿದ್ದರು, ಗಂಟಿನಲ್ಲಿ ಅಪಾಯವೇನೂ ಇರಲಿಲ್ಲ. ಅಷ್ಟು ಮಾತ್ರ ಹೇಳಿ ಫೋನ್ ಇಟ್ಟರು.

ಸೆಂಟರಿನವರು ನಮ್ಮ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಒಂದು ತಿಂಗಳಲ್ಲಿ ಎಲ್ಲವನ್ನೂ ಬೇರೆಯವರಿಗೆ ವಹಿಸಿ ಹೊರಡಿ ಎಂದರು, ನ್ಯಾಯವೇ. ಪ್ರಕಾಶ ಬಿಟಿಎಂ ಲೇಔಟಿನಲ್ಲಿ ಬೇರೆ ಆಫೀಸ್ ಮಾಡಿಕೊಂಡ, ನಮ್ಮ ಉಳಿದ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅವನ ಹಿಂದೆ ಹೋದರು. ಯುಗಾದಿಗೆ ಈಗಲೂ ಮೆಸೇಜ್ ಕಳಿಸುತ್ತಾನೆ. ನಾನು ಉತ್ತರಿಸುವುದಿಲ್ಲ.

ಆ ಒಂದು ತಿಂಗಳಲ್ಲಿ ನಾನು ಸ್ಕ್ರಿಪ್ಟನ್ನು ಹೊಸದಾಗಿ ಬರೆದೆ. ಈಗ ಅದು ಟೋಕನ್ ತೆಗೆದುಕೊಂಡು ಕೇಳುತ್ತದೆ. ಕೇಳಿದ ಮೇಲೆ, ಸ್ಕ್ರೀನ್ ರೀಡರ್ ಯಾವ ದಾರಿಯಲ್ಲಿ ಪರದೆಯನ್ನು ತಿಳಿಯುತ್ತದೋ ಅದೇ ದಾರಿಯಲ್ಲಿ ಹೋಗಿ ಸದ್ಯ ಫೋಕಸ್ ಯಾವ ವಿಂಡೋಗಿದೆ ಎಂದು ವಿಚಾರಿಸುತ್ತದೆ. ಬುಕಿಂಗ್ ಆಗಿದ್ದರೆ ಮಾತ್ರ ಬುಕಿಂಗ್ ಎನ್ನುತ್ತದೆ. ಅಲ್ಲದಿದ್ದರೆ ಯಾವುದಿದೆಯೋ ಅದರ ಹೆಸರು ಹೇಳಿ, ಟೈಪ್ ಮಾಡಿದ್ದನ್ನು ತಡೆಹಿಡಿಯುತ್ತದೆ. ಆರು ದಿನ ಪರೀಕ್ಷಿಸಿ, ಒಂದು ಬೆಳಿಗ್ಗೆ ಸುಜಾತಾ ಪಕ್ಕ ಕೂತು ತೋರಿಸಿದೆ. ಹೊಸದಾಗಿ ರೆಕಾರ್ಡ್ ಮಾಡಿದ ವಾಕ್ಯಗಳನ್ನೂ ಕೇಳಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ದನಿ ನಿಮ್ಮದು ಬೇಡ ಮೇಡಂ. ಮೆಷಿನ್ನೇ ಹೇಳ್ಲಿ."

ಸ್ಪಷ್ಟ ಕೇಳಿಸುವುದಿಲ್ಲ ಎಂದಿದ್ದಿರಲ್ಲ ಎಂದೆ. ಅಭ್ಯಾಸ ಮಾಡ್ಕೋತೀನಿ ಎಂದರು. ಆಕೆಯ ಎದುರಿಗೇ ನನ್ನ ರೆಕಾರ್ಡಿಂಗ್‌ಗಳನ್ನು ಅಳಿಸಿ ಯಂತ್ರದ ದನಿ ಹಾಕಿದೆ. ಈಗ ಇದು ಪಕ್ಕಾ ಆಗಿದೆ, ಇನ್ನು ಧೈರ್ಯವಾಗಿ ಟೈಪ್ ಮಾಡಬಹುದು ಎಂದು ಹೇಳಿದೆ. ಅಷ್ಟರಲ್ಲಿ ಫೋನ್ ಬಂತು. ಸುಜಾತಾ ಎಫ್9 ಒತ್ತಿದರು. ಯಂತ್ರ ಬುಕಿಂಗ್ ಎಂದಿತು. ಆಕೆ ಟೈಪ್ ಮಾಡಲು ಹೋಗಲಿಲ್ಲ. ಸ್ಕ್ರೀನ್ ರೀಡರಿನ ಇನ್ನೊಂದು ಕೀ ಒತ್ತಿ, ವಿಂಡೋದ ಹೆಸರನ್ನು ಮತ್ತೊಮ್ಮೆ ಓದಿಸಿ ಕೇಳಿಸಿಕೊಂಡು, ಆಮೇಲೆ ಫೋನಿನಲ್ಲಿದ್ದವರಿಗೆ "ನಮಸ್ಕಾರ, ಹೇಳಿ" ಎಂದರು.

ಇಪ್ಪತ್ತೇಳು ವರ್ಷದ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದು ಮುಖ್ಯವಾದದ್ದು: ಕೇಳಿಕೊಂಡಿದ್ದೇನೆ ಎನ್ನುವುದಕ್ಕೂ ಆಗಿದೆ ಎನ್ನುವುದಕ್ಕೂ ನಡುವೆ ಒಂದು ಸಲ ತಿರುಗಿ ನೋಡುವ ಕೆಲಸವಿದೆ, ಅದನ್ನು ಬಿಟ್ಟವರು ಬೇರೆಯವರನ್ನು ಬಲಿ ಕೊಡುತ್ತಾರೆ. ಆ ತಿಂಗಳ ಕೊನೆಯವರೆಗೂ ನಾನು ಅಲ್ಲಿಗೆ ಹೋಗುತ್ತಿದ್ದೆ. ಸುಜಾತಾ ಪ್ರತಿ ಕರೆಗೂ ಆ ಎರಡನೇ ಕೀ ಒತ್ತುತ್ತಿದ್ದರು, ನಾನು ಪಕ್ಕದಲ್ಲಿ ಕೂತಿದ್ದಾಗಲೂ.